ಹಳೇ ವಿಮಾನ, ಒಂದು ಸ್ಪ್ಯಾನರ್, ಒಂದು ಲಾಗ್‌ಬುಕ್

ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳುವಾಗ ನಾವೇನು ಮಾಡ್ತೀವಿ? ಆರ್.ಸಿ. ಪುಸ್ತಕ ನೋಡ್ತೀವಿ, ಪರಿಚಯದ ಮೆಕ್ಯಾನಿಕ್‌ನ ಜೊತೆಗೆ ಕರ್ಕೊಂಡು ಹೋಗ್ತೀವಿ, ಒಂದು ರೌಂಡ್ ಹೊಡೀತೀವಿ. ಅಮೆರಿಕದಲ್ಲಿ ಹಳೇ ಪುಟ್ಟ ವಿಮಾನ ಕೊಳ್ಳುವವರಿಗೆ ಕೊಡುವ ಸಲಹೆಯೂ ಹೆಚ್ಚುಕಮ್ಮಿ ಇಷ್ಟೇ: ಬಣ್ಣಕ್ಕೆ ಮರುಳಾಗಬೇಡಿ, ಮೊದಲು ಲಾಗ್‌ಬುಕ್ ನೋಡಿ. ಈ ಮಾತಿನ ಬೆಲೆ ತಿಳಿಯಬೇಕಾದರೆ 1920ರ ದಶಕಕ್ಕೆ ಹೋಗಬೇಕು ಅಂತ ನನಗನ್ನಿಸುತ್ತೆ.

ಮೊದಲ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯದ ಬಳಿ ಕರ್ಟಿಸ್ ಜೆಎನ್-4 ಎಂಬ ತರಬೇತಿ ವಿಮಾನಗಳು ರಾಶಿ ಬಿದ್ದಿದ್ದವು. ಎಲ್ಲರೂ ಪ್ರೀತಿಯಿಂದ 'ಜೆನ್ನಿ' ಅಂತ ಕರೆಯುತ್ತಿದ್ದರು. ಮರದ ಚೌಕಟ್ಟು, ಅದಕ್ಕೆ ಬಿಗಿದ ತಂತಿ, ಮೇಲೆ ಬಟ್ಟೆ, ಮುಂದೆ 90 ಅಶ್ವಶಕ್ತಿಯ ಓಎಕ್ಸ್-5 ಎಂಜಿನ್. ಸರ್ಕಾರ ಸಾವಿರಾರು ಡಾಲರ್ ಕೊಟ್ಟು ಮಾಡಿಸಿದ್ದು ಕೆಲವು ನೂರು ಡಾಲರಿಗೆ ಸಿಗತೊಡಗಿತು. ಕೊಳ್ಳಲು ಲೈಸೆನ್ಸ್ ಬೇಕಿರಲಿಲ್ಲ. ವಿಮಾನ ಹಾರಲು ಯೋಗ್ಯವೋ ಅಲ್ಲವೋ ಅಂತ ನೋಡುವ ಕೇಂದ್ರ ಸರ್ಕಾರದ ಇಲಾಖೆಯೂ ಇರಲಿಲ್ಲ!

1923ರಲ್ಲಿ 21 ವರ್ಷದ ಹುಡುಗನೊಬ್ಬ ಜಾರ್ಜಿಯಾದ ಅಮೆರಿಕಸ್ ಊರಿನ ಸೌದರ್ ಫೀಲ್ಡ್‌ಗೆ ಹೋಗಿ 500 ಡಾಲರಿಗೆ ಒಂದು ಜೆನ್ನಿ ಕೊಂಡ. ಅದಕ್ಕೆ ಹೊಸ ಎಂಜಿನ್ ಹಾಕಿಸಿಕೊಂಡ. ಆದರೆ ಅದುವರೆಗೆ ಆತ ಒಬ್ಬನೇ ವಿಮಾನ ಹಾರಿಸಿಯೇ ಇರಲಿಲ್ಲ :-) ಬೇರೊಬ್ಬ ಪೈಲಟ್‌ ಜೊತೆ ಕೂತು ಅಭ್ಯಾಸ ಮಾಡಿ, ಆಮೇಲೆ ಏಕಾಂಗಿಯಾಗಿ ಹಾರಿದ. ನಾಲ್ಕು ವರ್ಷದ ನಂತರ ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಒಬ್ಬನೇ ಹಾರಿ ಜಗತ್ಪ್ರಸಿದ್ಧನಾದ ಚಾರ್ಲ್ಸ್ ಲಿಂಡ್‌ಬರ್ಗ್ ಈತನೇ.

ಈ ಕಥೆಯನ್ನು ಎಲ್ಲರೂ ಹೇಳ್ತಾರೆ. ಇನ್ನೊಂದು ಜೆನ್ನಿಯ ಕಥೆಯೂ ಇದೆ.

ಬೆಸ್ಸಿ ಕೋಲ್ಮನ್ ಟೆಕ್ಸಾಸ್‌ನಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು. ತನ್ನ ದೇಶದ ಯಾವ ಶಾಲೆಯೂ ಸೇರಿಸಿಕೊಳ್ಳದಿದ್ದಾಗ ಫ್ರೆಂಚ್ ಭಾಷೆ ಕಲಿತು, ಫ್ರಾನ್ಸ್‌ಗೆ ಹೋಗಿ 1921ರಲ್ಲಿ ಪೈಲಟ್ ಲೈಸೆನ್ಸ್ ಪಡೆದಳು. ತನ್ನವರಿಗಾಗಿ ಒಂದು ವಿಮಾನ ಶಾಲೆ ತೆರೆಯಬೇಕೆಂಬುದು ಅವಳ ಕನಸು. ಅದಕ್ಕೆ ಹಣ ಬೇಕು, ಹಣಕ್ಕೆ ಪ್ರದರ್ಶನ ಕೊಡಬೇಕು, ಪ್ರದರ್ಶನಕ್ಕೆ ವಿಮಾನ ಬೇಕು. ಕೈಗೆಟುಕಿದ್ದು ಹಳೇ ಜೆನ್ನಿ. ಅವಳ ಮೆಕ್ಯಾನಿಕ್ ವಿಲಿಯಂ ವಿಲ್ಸ್ ಅದನ್ನು ಡಲ್ಲಾಸ್‌ನಿಂದ ಫ್ಲಾರಿಡಾದ ಜಾಕ್ಸನ್‌ವಿಲ್‌ಗೆ ಹಾರಿಸಿ ತರುವಾಗ ದಾರಿಯಲ್ಲಿ ಮತ್ತೆ ಮತ್ತೆ ತುರ್ತಾಗಿ ಇಳಿಸಬೇಕಾಯಿತು. ವಿಮಾನ ತನ್ನ ಸ್ಥಿತಿಯನ್ನು ತಾನೇ ಹೇಳುತ್ತಿತ್ತು.

1926ರ ಏಪ್ರಿಲ್ 30ರಂದು ಇಬ್ಬರೂ ಅದರಲ್ಲಿ ಹಾರಿದರು. ಮರುದಿನದ ಪ್ರದರ್ಶನಕ್ಕೆ ನೆಲ ನೋಡಿಕೊಳ್ಳಲು ಬಗ್ಗಬೇಕಿದ್ದ ಬೆಸ್ಸಿ ಬೆಲ್ಟ್ ಹಾಕಿಕೊಂಡಿರಲಿಲ್ಲ. ವಿಮಾನ ಇದ್ದಕ್ಕಿದ್ದಂತೆ ಮುಗ್ಗರಿಸಿ ಗಿರಕಿ ಹೊಡೆಯಿತು. ಅವಳು ಹೊರಗೆ ಬಿದ್ದು ಸತ್ತಳು. ವಿಲ್ಸ್ ವಿಮಾನದೊಂದಿಗೇ ಹೋದ. ಆಮೇಲೆ ಸಿಕ್ಕ ಕಾರಣ, ನಿಯಂತ್ರಣದ ಗೇರುಗಳಲ್ಲಿ ಸಿಕ್ಕಿಕೊಂಡಿದ್ದ ಒಂದು ಸ್ಪ್ಯಾನರ್. ಯಾರೋ ರಿಪೇರಿ ಮಾಡಿ ಮರೆತು ಬಿಟ್ಟದ್ದು!

ಸರಿಯಾಗಿ ಇಪ್ಪತ್ತು ದಿನಕ್ಕೆ, ಮೇ 20ರಂದು, ಏರ್ ಕಾಮರ್ಸ್ ಕಾಯ್ದೆಗೆ ಅಧ್ಯಕ್ಷ ಕೂಲಿಜ್ ಸಹಿ ಬಿತ್ತು. ಅವಳ ಸಾವಿನಿಂದ ಬಂದ ಕಾಯ್ದೆಯಲ್ಲ ಅದು, ಮೊದಲೇ ತಯಾರಾಗುತ್ತಿತ್ತು. ಅದರಿಂದ ಪೈಲಟ್‌ಗೆ ಲೈಸೆನ್ಸ್, ವಿಮಾನಕ್ಕೆ ನೋಂದಣಿ ಮತ್ತು ತಪಾಸಣೆ ಬಂದವು. ಜೆನ್ನಿಗಳ ಕಾಲ ಮುಗಿಯುತ್ತಾ ಬಂತು.

ಈಗ ಅಲ್ಲಿ ಮಾರಾಟಕ್ಕಿರುವ ಪುಟ್ಟ ವಿಮಾನಗಳಲ್ಲಿ ಬಹಳಷ್ಟು ಮುದುಕಪ್ಪಗಳೇ. ಸೆಸ್ನಾ 172ನ್ನೇ ತಗೊಳ್ಳಿ: 1986ರಲ್ಲಿ ನಿಂತ ತಯಾರಿಕೆ ಮತ್ತೆ ಶುರುವಾಗಲು ಹತ್ತು ವರ್ಷ ಬೇಕಾಯಿತು. ಹಾಗಿದ್ದೂ ಜನ ಧೈರ್ಯವಾಗಿ ಕೊಳ್ಳುತ್ತಾರೆ. ಯಾಕೆಂದರೆ ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ, ಮಾಡಿದ ರಿಪೇರಿಯನ್ನು ಬರೆದು ಸಹಿ ಹಾಕಬೇಕು. ಲಾಗ್‌ಬುಕ್ ಕಳೆದರೆ ವಿಮಾನದ ಬೆಲೆಯೇ ಬಿದ್ದುಹೋಗುತ್ತೆ. ಮಾರುವವನ ಮೆಕ್ಯಾನಿಕ್ ಬೇಡ, ನಿಮ್ಮವನನ್ನೇ ಕರೆದೊಯ್ಯಿರಿ ಅನ್ನೋದು ಎರಡನೇ ಸಲಹೆ. ಎಂಜಿನ್ ಕಡಿಮೆ ಓಡಿದೆ ಅಂತ ಹಿಗ್ಗಬೇಡಿ, ವರ್ಷಗಟ್ಟಲೆ ಸುಮ್ಮನೆ ನಿಂತ ಎಂಜಿನ್ ಒಳಗೇ ತುಕ್ಕು ಹಿಡಿದಿರಬಹುದು ಅನ್ನೋದು ಮೂರನೆಯದು.

ಲಿಂಡ್‌ಬರ್ಗ್ ಧೈರ್ಯಶಾಲಿ, ಬೆಸ್ಸಿಯೂ ಅಷ್ಟೇ ಧೈರ್ಯಶಾಲಿ. ಹಳೇ ಯಂತ್ರದ ಒಳಗೆ ಹಿಂದಿನವರು ಏನು ಬಿಟ್ಟಿದ್ದಾರೆ ಅನ್ನೋದನ್ನು ಧೈರ್ಯ ತೋರಿಸಿಕೊಡಲ್ಲ. ಅದಕ್ಕೆ ಯಾರಾದರೂ ಮುಚ್ಚಳ ಬಿಚ್ಚಿ ನೋಡಬೇಕು, ನೋಡಿದ್ದನ್ನು ಬರೆದಿಡಬೇಕು. ನೀವೇನಂತೀರಿ?