ಹಿಮದ ಮೇಲೆ ನಮ್ಮವರ ಹೆಜ್ಜೆ

"ದುಡ್ ಕೊಟ್ಟು ಜಾರಕ್ಕೆ ಕಾಶ್ಮೀರಕ್ಕೇ ಹೋಗ್ಬೇಕೇನ್ಲಾ? ಮಳೆ ಬಂದಾಗ ಮಧುಗಿರಿ ಬೆಟ್ಟ ಹತ್ತು, ಪುಕ್ಕಟೆ ಜಾರ್ತೀಯ."

2024ರ ಜನವರಿಯಲ್ಲಿ ಗುಲ್ಮಾರ್ಗಿನಿಂದ ಫೋನ್ ಮಾಡಿದಾಗ ಅಪ್ಪ ಹೇಳಿದ ಮಾತು ಇದು. ನಾನು ನಕ್ಕೆ. ಆದರೆ ಫೋನ್ ಇಟ್ಟ ಮೇಲೆ ಅದು ತಲೆಯಲ್ಲೇ ಕೂತುಬಿಡ್ತು. ದೊಡ್ಡೇರಿ ಕಡೆಯ, ಕಡ್ಲೆಕಾಯಿ ಬೆಳೆಯೋ ಮನೆಯ ಹುಡುಗ ನಾನು. ನನಗೂ ಹಿಮಕ್ಕೂ ಏನು ಸಂಬಂಧ? ಮನೆಯಿಂದಲೇ ಕೆಲಸ ಮಾಡಬಹುದು ಅಂತ ಕಂಪನಿ ಹೇಳಿತ್ತು. ಲ್ಯಾಪ್‌ಟಾಪ್ ಎಲ್ಲಿದ್ದರೇನು ಅಂತ ಒಂದು ಸೀಸನ್ ಸ್ಕೀಯಿಂಗ್ ಕಲಿಯೋಣ ಎಂದು ಹೊರಟಿದ್ದೆ. ಅಷ್ಟೇ ಸಂಬಂಧ ಅಂದುಕೊಂಡಿದ್ದೆ.

ಹೋದಾಗ ಹಿಮವೇ ಇರಲಿಲ್ಲ. ಜನವರಿ ನಡುವಾದರೂ ಗುಲ್ಮಾರ್ಗಿನ ಹುಲ್ಲುಗಾವಲು ನಮ್ಮ ಬೇಸಿಗೆಯ ಗೋಮಾಳದ ಥರ ಕಂದುಬಣ್ಣಕ್ಕೆ ತಿರುಗಿ ಮಲಗಿತ್ತು. ಬಾಡಿಗೆ ಸ್ಕೀಗಳನ್ನು ಅಂಗಡಿ ಮುಂದೆ ಸಾಲಾಗಿ ನಿಲ್ಲಿಸಿದ್ದರು. ಪ್ರವಾಸಿಗರನ್ನು ಮರದ ಸ್ಲೆಡ್ಜಿನಲ್ಲಿ ಎಳೆಯುವವರು ಬಿಸಿಲು ಕಾಯಿಸುತ್ತಾ ಕೂತು ಆಕಾಶ ನೋಡುತ್ತಿದ್ದರು. ಆ ನೋಟ ನನಗೆ ಹೊಸದಲ್ಲ. ಜೂನ್ ತಿಂಗಳಲ್ಲಿ ನಮ್ಮೂರ ಅರಳಿಕಟ್ಟೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಕಾಶ್ಮೀರಿಗಳಿಗೆ ಚಳಿಗಾಲಕ್ಕೊಂದು ಲೆಕ್ಕವಿದೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್. ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್, ಕೊನೆಗೆ ಹತ್ತು ದಿನ ಚಿಲ್ಲೈ ಬಚ್ಚಾ. ನಲವತ್ತರ ಕಾಲದಲ್ಲಿ ಬಿದ್ದ ಹಿಮ ಗಟ್ಟಿಯಾಗಿ ನಿಲ್ಲುತ್ತದೆ, ತಡವಾಗಿ ಬಿದ್ದದ್ದು ಬೇಗ ಕರಗುತ್ತದೆ. ನಮ್ಮಲ್ಲಿ ರೋಹಿಣಿ, ಮೃಗಶಿರ, ಆರಿದ್ರ ಅಂತ ಮಳೆ ಲೆಕ್ಕ ಹಾಕಲ್ವೇ, ಥೇಟ್ ಹಾಗೇ. ಅವರಿಗೆ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತಗಳು, ನಮಗೆ ಮಳೆ ತರುವುದು ಮುಂಗಾರು. ಎರಡೂ ಕೈಕೊಟ್ಟಾಗ ಮನೆಯೊಳಗೆ ಒಂದೇ ಥರದ ಮೌನ.

ಕೆಲಸ ಮುಗಿದ ಮೇಲೆ ಸಂಜೆ ಮಾಡೋಕೆ ಏನೂ ಇರುತ್ತಿರಲಿಲ್ಲ. ಹಾಗಾಗಿ ಆ ಊರಿನ ಇತಿಹಾಸ ಓದತೊಡಗಿದೆ. ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲೇ.

ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಬ್ರಿಟಿಷರ ಕಾಲದಲ್ಲಿ ಬಯಲಿನ ಸೆಖೆ ತಾಳದ ಸಾಹೇಬರು ಬೇಸಿಗೆಗೆ ಇಲ್ಲಿಗೆ ಬಂದು ಗಾಲ್ಫ್ ಆಡುತ್ತಿದ್ದರು. 'ಸೀಸನ್' ಎಂದರೆ ಆಗ ಬೇಸಿಗೆಯೇ. ಯುರೋಪಿನಲ್ಲಿ 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದು ಸ್ಕೀಯಿಂಗ್ ಹುಚ್ಚು ಹಬ್ಬುತ್ತಿತ್ತು. 1927ರಲ್ಲಿ ಇಬ್ಬರು ಬ್ರಿಟಿಷ್ ಸೇನಾಧಿಕಾರಿಗಳು ಗುಲ್ಮಾರ್ಗಿನಲ್ಲಿ 'ಸ್ಕೀ ಕ್ಲಬ್ ಆಫ್ ಇಂಡಿಯಾ' ಶುರುಮಾಡಿದರು. ಆಗ ಮೇಲಕ್ಕೆ ಒಯ್ಯುವ ಯಂತ್ರ ಇರಲಿಲ್ಲ. ಜಾರಬೇಕೆಂದರೆ ಮೊದಲು ಹತ್ತಬೇಕಿತ್ತು. ಇಂದು ನಾವು 'ಬ್ಯಾಕ್‌ಕಂಟ್ರಿ ಟೂರಿಂಗ್' ಅಂತ ದುಬಾರಿ ಹೆಸರಿಟ್ಟು ಮಾಡುವುದು ಅವತ್ತಿನ ಮಾಮೂಲಿ ಸ್ಕೀಯಿಂಗ್.

1947ರಲ್ಲಿ ಸಾಹೇಬರು ಹೊರಟುಹೋದರು. ಕ್ಲಬ್ಬಿನ ಆಟ ಅಲ್ಲಿಗೇ ಮುಗಿಯಬಹುದಿತ್ತು. ಮುಗಿಯದಂತೆ ಮಾಡಿದ್ದು ಯುದ್ಧ. ಆ ಕತೆಯಲ್ಲಿ ಕನ್ನಡ ನಾಡಿನ ಹೆಸರೊಂದು ಎದುರಾದಾಗ ನಾನು ಕೂತಲ್ಲೇ ನೆಟ್ಟಗಾದೆ.

ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ 1948ರಲ್ಲಿ ಕಾಶ್ಮೀರದಲ್ಲಿ 19ನೇ ಪದಾತಿ ಡಿವಿಜನ್ನಿನ ದಂಡನಾಯಕರಾಗಿದ್ದರು. ಆ ವರ್ಷ ನವೆಂಬರ್ 1ರಂದು ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆಗೆ ಅವರು ಟ್ಯಾಂಕುಗಳನ್ನು ಹತ್ತಿಸಿದ್ದು ಶಾಲೆ ಪುಸ್ತಕದಲ್ಲಿಲ್ಲದಿದ್ದರೂ ಅನೇಕರಿಗೆ ಗೊತ್ತು. ಅದರ ಮುಂದಿನ ತಿಂಗಳಿನದು ಅಷ್ಟಾಗಿ ಗೊತ್ತಿಲ್ಲ. ಗೆದ್ದ ಕಣಿವೆಗಳನ್ನು ಚಳಿಗಾಲವಿಡೀ ಕಾಯಬೇಕಿತ್ತು. ಕಾಯುವ ಜವಾನರಲ್ಲಿ ಅನೇಕರು ಬಯಲುಸೀಮೆಯವರು, ಹಿಮದಲ್ಲಿ ನಡೆಯೋಕೂ ಬಾರದವರು. 1948ರ ಡಿಸೆಂಬರ್‌ನಲ್ಲಿ 19ನೇ ಡಿವಿಜನ್ ಗುಲ್ಮಾರ್ಗಿನಲ್ಲಿ ಒಂದು ಸ್ಕೀ ಶಾಲೆ ತೆರೆಯಿತು. ಅದು ಬೆಳೆದು ಚಳಿಗಾಲದ ಯುದ್ಧ ಶಾಲೆಯಾಯಿತು. 1962ರಿಂದ ಅದರ ಹೆಸರು ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್. ಇವತ್ತಿಗೂ ಅಲ್ಲೇ ಇದೆ.

ಅಂದರೆ ಸ್ವತಂತ್ರ ಭಾರತದಲ್ಲಿ ಸ್ಕೀ ಕಟ್ಟಿಕೊಂಡದ್ದು ಮೊದಲು ಮೋಜಿಗಲ್ಲ, ಕಾವಲಿಗೆ. ಆ ಶಾಲೆಯ ಮುಖ್ಯಸ್ಥರಾಗಿದ್ದ ಕರ್ನಲ್ ನರೇಂದ್ರ 'ಬುಲ್' ಕುಮಾರ್ 1978ರಲ್ಲಿ ತಂಡ ಕಟ್ಟಿಕೊಂಡು ಸಿಯಾಚಿನ್ ಹಿಮನದಿಗೆ ಹೋಗಿ ಬಂದರು. 1984ರ ಏಪ್ರಿಲ್ 13ರಂದು 'ಆಪರೇಷನ್ ಮೇಘದೂತ್' ಶುರುವಾದಾಗ ಸೇನೆಗೆ ಆ ಜಾಗದ ಪರಿಚಯ ಇದ್ದದ್ದು ಹೀಗೆ. ಅಲ್ಲಿಂದ ಈಚೆಗೆ ಸಿಯಾಚಿನ್ ಕಾವಲು ನಿಂತಿಲ್ಲ.

ಆ ಕಾವಲಿಗೆ ನಮ್ಮವರೂ ಹೋದರು. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ತುಕಡಿಯಲ್ಲಿದ್ದ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು: ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರನೇ ದಿನ ಹನುಮಂತಪ್ಪ ಜೀವಂತ ಸಿಕ್ಕರು. ಆಫೀಸಿನಲ್ಲಿ ನಾವೆಲ್ಲ ಕೆಲಸ ಬಿಟ್ಟು ನ್ಯೂಸ್ ನೋಡುತ್ತಿದ್ದೆವು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಬೆಟದೂರೂ ಒಣ ಬೇಸಾಯದ ಸೀಮೆಯೇ. ಅಲ್ಲಿನ ಮಗ ಹಿಮದಡಿ ಆರು ದಿನ ಉಸಿರಾಡಿದ್ದ. ನನಗೂ ಹಿಮಕ್ಕೂ ಏನು ಸಂಬಂಧ ಅಂತ ಕೇಳಿಕೊಂಡಿದ್ದೆನಲ್ಲ, ಇದನ್ನು ಓದುವಾಗ ನಾಚಿಕೆಯಾಯ್ತು.

ಜನವರಿ ಕೊನೆಗೆ ಹಿಮ ಬಿತ್ತು. ಒಂದೇ ರಾತ್ರಿಯಲ್ಲಿ ಊರಿನ ಮುಖವೇ ಬದಲಾಯ್ತು. ಸ್ಲೆಡ್ಜಿನವರು ಒಬ್ಬರನ್ನೊಬ್ಬರು ಕೂಗಿ ಮಾತಾಡಿಸುತ್ತಿದ್ದರು. ನಾನು ಎರಡು ವಾರ ಮಕ್ಕಳ ಇಳಿಜಾರಿನಲ್ಲಿ ಬಿದ್ದೂ ಬಿದ್ದೂ ನಿಲ್ಲೋದು ಕಲಿತೆ. ಆಮೇಲೆ ಒಬ್ಬ ಸ್ಥಳೀಯ ಗೈಡ್ ಜೊತೆ ಕಾಡೊಳಗೆ ಟೂರಿಂಗ್ ಶುರುಮಾಡಿದೆ.

ಟೂರಿಂಗ್‌ನ ತಂತ್ರ ಸರಳ. ಸ್ಕೀಯ ಅಡಿಗೆ 'ಸ್ಕಿನ್' ಅನ್ನುವ ಪಟ್ಟಿ ಅಂಟಿಸುತ್ತಾರೆ. ಹಿಂದೆ ಸೀಲ್ ಪ್ರಾಣಿಯ ಚರ್ಮ ಬಳಸುತ್ತಿದ್ದರಂತೆ, ಈಗ ಮೊಹೇರ್ ಅಥವಾ ನೈಲಾನ್. ಕೂದಲು ಹಿಂದಕ್ಕೆ ಬಾಗಿರುವುದರಿಂದ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರದೆ ಕಚ್ಚಿಕೊಳ್ಳುತ್ತದೆ. ಬೆಕ್ಕಿನ ಬೆನ್ನು ಸವರಿ ನೋಡಿ, ಅರ್ಥವಾಗುತ್ತೆ. ಹಿಮ್ಮಡಿ ಬಿಡಿಸಿಕೊಂಡು ಅಂಕುಡೊಂಕಾಗಿ ಹತ್ತಬೇಕು. ಮೇಲೆ ಹೋದ ಮೇಲೆ ಪಟ್ಟಿ ಕಿತ್ತು, ಹಿಮ್ಮಡಿ ಬಿಗಿದು ಇಳಿಯಬೇಕು. ಮೂರು ಗಂಟೆ ಹತ್ತಿದ್ದು ಹತ್ತೇ ನಿಮಿಷದಲ್ಲಿ ಖರ್ಚಾಗುತ್ತೆ.

ಬೇಕಿದ್ದರೆ ಗೊಂಡೋಲಾ ಇದೆ. ಫ್ರೆಂಚ್ ಕಂಪನಿಯೊಂದು 80ರ ದಶಕದ ಕೊನೆಗೆ ಕೆಲಸ ಶುರುಮಾಡಿತ್ತು. ಉಗ್ರವಾದ ಹೆಚ್ಚಿದಾಗ ಅದು ನಿಂತುಹೋಯ್ತು. ಮೊದಲ ಹಂತ 1998ರಲ್ಲಿ, ಅಫರ್ವತ್ ಬೆಟ್ಟದ ಹೆಗಲಿಗೆ ಹೋಗುವ ಎರಡನೇ ಹಂತ 2005ರಲ್ಲಿ ಶುರುವಾಯ್ತು. ಈಗ ಯಾರು ಬೇಕಾದರೂ ಟಿಕೆಟ್ ತಗೊಂಡು ಕೆಲವೇ ನಿಮಿಷದಲ್ಲಿ ಸುಮಾರು 3,950 ಮೀಟರ್ ಎತ್ತರ ಮುಟ್ಟಬಹುದು. ತೊಂದರೆ ಶುರುವಾಗುವುದೂ ಅಲ್ಲೇ. ಬೆಟ್ಟದ ಗುಣ ತಿಳಿಯುವಷ್ಟು ಹೊತ್ತು ಬೆಟ್ಟದ ಜೊತೆ ಇರದೆಯೇ ನಾವು ಅದರ ತುದಿಯಲ್ಲಿರುತ್ತೇವೆ.

ಫೆಬ್ರವರಿ ಮೂರನೇ ವಾರ ಜೋರು ಹಿಮ ಬಿತ್ತು. ನನಗೋ ಖುಷಿ. ಖಿಲನ್‌ಮಾರ್ಗ್ ಕಡೆ ಹೋಗೋಣ ಅಂದೆ. ಗೈಡ್ ಒಪ್ಪಲಿಲ್ಲ. ಕೆಳಗಿನ ಹಿಮ ಸರಿಯಿಲ್ಲ ಅಂದ. ಹಿಮ ತೆಳ್ಳಗಿದ್ದು ಚಳಿ ಮಾತ್ರ ಇದ್ದರೆ ಅಡಿಪದರ ಸಕ್ಕರೆ ಹರಳಿನ ಥರ ಉದುರುದುರಾಗುತ್ತದೆ. ಅದರ ಮೇಲೆ ಒಮ್ಮೆಲೇ ಭಾರದ ಹಿಮ ಕೂತರೆ ಎರಡಕ್ಕೂ ಬೆಸುಗೆಯೇ ಇರಲ್ಲ. ಒಬ್ಬ ಮನುಷ್ಯನ ತೂಕಕ್ಕೆ ಇಡೀ ಚಪ್ಪಡಿ ಜಾರುತ್ತದೆ. ನನಗೆ ಇದು ತಟ್ಟನೆ ಅರ್ಥವಾಯ್ತು. ನಮ್ಮೂರ ಹೆಸರಲ್ಲೇ 'ಏರಿ' ಇದೆ. ವರ್ಷಗಟ್ಟಲೆ ಒಣಗಿ ಬಿರುಕುಬಿಟ್ಟ ಕೆರೆ ಏರಿ, ಒಂದೇ ರಾತ್ರಿ ದೊಡ್ಡ ಮಳೆ ಬಂದರೆ ಒಡೆಯುತ್ತದೆ. ಬರ ಮುಗಿಯಿತು ಅಂತ ಕುಣಿಯೋ ದಿನವೇ ಏರಿ ಕಾಯೋಕೆ ಜನ ಹೋಗಬೇಕು ಅನ್ನುತ್ತಿದ್ದ ನಮ್ಮಜ್ಜ.

ಫೆಬ್ರವರಿ 22ರಂದು ಖಿಲನ್‌ಮಾರ್ಗ್‌ನಲ್ಲಿ ಹಿಮಪಾತವಾಗಿ ರಷ್ಯಾದ ಸ್ಕೀಗಾರನೊಬ್ಬ ಸತ್ತ. ಅದರ ಹಿಂದಿನ ವರ್ಷ ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು ಸತ್ತಿದ್ದರು. 2010ರ ಫೆಬ್ರವರಿ 8ರಂದು ಇದೇ ಖಿಲನ್‌ಮಾರ್ಗ್‌ನಲ್ಲಿ ತಿಮ್ಮಯ್ಯನವರ ಕಾಲದ ಆ ಶಾಲೆಯ 17 ಸೈನಿಕರು ತರಬೇತಿಯಲ್ಲಿದ್ದಾಗಲೇ ಹಿಮದಡಿ ಹೋದರು. ಬೆಟ್ಟ ಆಟಕ್ಕೆ ಬಂದವನನ್ನೂ ಡ್ಯೂಟಿಗೆ ಬಂದವನನ್ನೂ ಬೇರೆ ಮಾಡಿ ನೋಡುವುದಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ನನಗೆ ಅವತ್ತು 'ಬೇಡ' ಅನ್ನುವ ಅವಕಾಶ ಇತ್ತು. ಗೈಡ್‌ಗೂ ಇತ್ತು, ಆದರೆ ಅದಕ್ಕೆ ಅವನು ಒಂದು ದಿನದ ಕೂಲಿ ಕಳಕೊಂಡ. ಸೋನಂ ಠಾಣೆಯಲ್ಲಿದ್ದವರಿಗೆ ಆ ಅವಕಾಶವೇ ಇರಲಿಲ್ಲ.

ಅದೇ ವಾರ ಗುಲ್ಮಾರ್ಗಿನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯುತ್ತಿತ್ತು. ಕೊಡಗಿನ ತೆಕ್ಕಡ ಭವಾನಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಚಿನ್ನ ಗೆದ್ದರು. ಇದು ಗುಡ್ಡ ಇಳಿಯುವ ಆಟವಲ್ಲ, ಹತ್ತುತ್ತಾ ಇಳಿಯುತ್ತಾ ಕಿಲೋಮೀಟರ್‌ಗಟ್ಟಲೆ ಉಸಿರು ಕಟ್ಟಿ ಸಾಗುವ ಆಟ. ಲೇಹ್‌ನ ಸ್ಕೇಟಿಂಗ್ ಪದಕಗಳೂ ಸೇರಿ ಆ ವರ್ಷ ಸೇನಾ ತಂಡದ ನಂತರ ಎರಡನೇ ಸ್ಥಾನ ಬಂದದ್ದು ಕರ್ನಾಟಕಕ್ಕೆ! ಹಿಮವೇ ಬೀಳದ ರಾಜ್ಯಕ್ಕೆ. 2025ರಲ್ಲಿ ಭವಾನಿ ಚಿಲಿ ದೇಶದ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ 5 ಕಿ.ಮೀ. ಓಟಕ್ಕೆ ಕಂಚು ತಂದರು. ಕೊಡಗಿನ ದಂಡನಾಯಕನ ಡಿವಿಜನ್ ಸ್ಕೀ ಶಾಲೆ ತೆರೆದ ಊರಿನಲ್ಲೇ 75 ವರ್ಷದ ಮೇಲೆ ಕೊಡಗಿನ ಹೆಣ್ಣುಮಗಳೊಬ್ಬಳು ಆಡಿ ಗೆದ್ದಳು. ಇದನ್ನು ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಆದರೂ ನನಗೆ ಇದು ಒಂದೇ ದಾರಿಯ ಎರಡು ತುದಿ ಅನ್ನಿಸುತ್ತೆ.

2025ರಲ್ಲೂ ಹಿಮ ಕೈಕೊಟ್ಟಿತು. ಗುಲ್ಮಾರ್ಗಿನ ಕ್ರೀಡಾಕೂಟ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದಕ್ಕೆ ಹೋಯ್ತು. ಕ್ರೀಡಾಕೂಟವನ್ನು ಮುಂದೂಡಬಹುದು. ನಮ್ಮಂಥವರು ಟಿಕೆಟ್ ಕ್ಯಾನ್ಸಲ್ ಮಾಡಬಹುದು. ಸ್ಲೆಡ್ಜಿನವನ ಮನೆಯ ಒಲೆಯನ್ನು ಮುಂದೂಡೋಕಾಗಲ್ಲ.

ಊರಿಗೆ ಬಂದ ಮೇಲೆ ಒಂದು ಭಾನುವಾರ ಮಧುಗಿರಿ ಬೆಟ್ಟ ಹತ್ತಿದೆ. 3,930 ಅಡಿಯ ಏಕಶಿಲೆ. ಬೆಂಗಳೂರಿನಿಂದ ಬಂದ ಟ್ರೆಕ್ಕಿಂಗ್ ತಂಡಗಳು ಕಂಬಿ ಹಿಡಿದು ಸಾಲಾಗಿ ಹತ್ತುತ್ತಿದ್ದವು. ಇಲ್ಲೂ ಈಗ 'ಸೀಸನ್' ಇದೆ, ಮಳೆ ನಿಂತ ಮೇಲಿನ ಚಳಿಗಾಲ. ಆದರೆ ಬಂಡೆಯಲ್ಲಿ ಕೊರೆದ ಆ ಮೆಟ್ಟಿಲುಗಳನ್ನು ಯಾರೂ ಟ್ರೆಕ್ಕಿಂಗಿಗೆ ಕೊರೆಯಲಿಲ್ಲ. ಪಾಳೇಗಾರರು, ಮೈಸೂರಿನವರು, ಹೈದರಾಲಿ, ಮರಾಠರು ಒಬ್ಬರಿಂದೊಬ್ಬರು ಕಿತ್ತುಕೊಂಡ ಕೋಟೆ ಇದು. 1763ರಲ್ಲಿ ಬಿದನೂರು ಬಿದ್ದ ಮೇಲೆ ಕೆಳದಿಯ ರಾಣಿ ವೀರಮ್ಮಾಜಿಯನ್ನು ಹೈದರ್ ಇಲ್ಲಿಯೇ ಸೆರೆಯಲ್ಲಿಟ್ಟಿದ್ದ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಬಂದು ಬಿಡಿಸಿತು. ಪುಣೆಯ ದಾರಿಯಲ್ಲೇ ಆಕೆ ತೀರಿಕೊಂಡಳು. ಮಲೆನಾಡಿನ ಮಳೆಯಲ್ಲಿ ಬೆಳೆದ ಆ ಹೆಂಗಸು ಈ ಬೋಳು ಬಂಡೆಯ ಮೇಲೆ ನಾಲ್ಕು ಬೇಸಿಗೆ ಕಳೆದಳು.

ಆಟಕ್ಕೆ ಹತ್ತಬೇಡಿ ಅಂತ ನಾನು ಹೇಳುತ್ತಿಲ್ಲ. ಕಾವಲಿನ ಬೆಟ್ಟ ಆಟದ ಬೆಟ್ಟ ಆಗೋದು ಒಳ್ಳೆಯದೇ, ಆ ಮಟ್ಟಿಗೆ ಕಾಲ ಸುಧಾರಿಸಿದೆ ಅಂತ ಲೆಕ್ಕ. ಮುಂದಿನ ಚಳಿಗಾಲಕ್ಕೆ ನಾನೂ ಮತ್ತೆ ಗುಲ್ಮಾರ್ಗಿಗೆ ಹೋಗಬೇಕು ಅಂದುಕೊಂಡಿದ್ದೇನೆ. ಹಿಮ ಬೀಳದಿದ್ದರೂ ಟಿಕೆಟ್ ಕ್ಯಾನ್ಸಲ್ ಮಾಡಬಾರದು, ಗೈಡ್‌ಗೆ ಕೊಡೋ ದುಡ್ಡು ಕೊಟ್ಟೇಬಿಡಬೇಕು ಅಂತ ಮಾತ್ರ ನಿರ್ಧಾರ ಮಾಡಿದ್ದೇನೆ.

ಬೆಟ್ಟ ಇಳಿದು ಮನೆಗೆ ಬಂದಾಗ ಅಪ್ಪ ಜಗಲಿ ಮೇಲೆ ಕೂತಿದ್ದರು. ತಿಮ್ಮಯ್ಯನವರ ಕತೆ, ಹನುಮಂತಪ್ಪನ ಕತೆ, ಭವಾನಿ ಕತೆ ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದರು:

"ಈ ವರ್ಷ ಅವ್ರಿಗೆ ಹಿಮ ಆಯ್ತೇನಪ್ಪಾ?"