ಇಳಿವಯಸ್ಸಿನ ಜೊತೆನಡಿಗೆ

ಬೆಳಗಿನ ಆರು ಗಂಟೆಗೆ ಬೆಂಗಳೂರಿನ ಲಾಲ್‌ಬಾಗಿಗೋ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಗೋ ಹೋದವರಿಗೆ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ಮಂಕಿಕ್ಯಾಪು ಹಾಕಿದ ಅಜ್ಜ, ಸೀರೆಯ ಕೆಳಗೆ ಕ್ಯಾನ್‌ವಾಸ್ ಬೂಟು ತೊಟ್ಟ ಅಜ್ಜಿ, ಇಬ್ಬರೂ ಜೊತೆಯಾಗಿ ಕೈಬೀಸಿ ನಡೆಯುವ ನೋಟ. ಈಗ ಯಾರೂ ಅದನ್ನು ತಿರುಗಿ ನೋಡುವುದಿಲ್ಲ. ಆದರೆ ಈ ನೋಟಕ್ಕೆ ಬಹಳ ವಯಸ್ಸಾಗಿಲ್ಲ. ಎಪ್ಪತ್ತು ವರ್ಷಗಳ ಹಿಂದೆ ಅರವತ್ತು ದಾಟಿದವರು ಬೆವರು ಬರುವಂತೆ ನಡೆಯುವುದನ್ನು ಮನೆಯವರೂ ಒಪ್ಪುತ್ತಿರಲಿಲ್ಲ, ವೈದ್ಯರೂ ಒಪ್ಪುತ್ತಿರಲಿಲ್ಲ. ‘ಇನ್ನಾದರೂ ಸುಮ್ಮನೆ ಕೂತು ವಿಶ್ರಾಂತಿ ತಗೊಳ್ಳಿ’ ಎಂಬುದೇ ಹಿರಿಯರಿಗೆ ತೋರುವ ಪ್ರೀತಿಯ ಮಾತಾಗಿತ್ತು. ಆ ಪ್ರೀತಿಯ ಮಾತು ಎಷ್ಟೋ ಮಂದಿಯನ್ನು ಬೇಗ ಹಾಸಿಗೆ ಹಿಡಿಸಿತೆಂದು ವೈದ್ಯವಿಜ್ಞಾನ ತಿಳಿದುಕೊಂಡದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಆಯುರ್ವೇದದ ಎರಡು ಮಾತು

ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಈ ವಿಷಯದಲ್ಲಿ ಒಂದೇ ಮಾತನ್ನು ಹೇಳುವುದಿಲ್ಲ. ವಾಗ್ಭಟನ ‘ಅಷ್ಟಾಂಗಹೃದಯ’ವು ವ್ಯಾಯಾಮದಿಂದ ಮೈ ಹಗುರವಾಗುತ್ತದೆ, ಜಠರಾಗ್ನಿ ಚುರುಕಾಗುತ್ತದೆ, ಕೊಬ್ಬು ಕರಗುತ್ತದೆ ಎಂದು ಹೊಗಳುತ್ತದೆ. ಬಲವಂತರು ಕೂಡ ತಮ್ಮ ಶಕ್ತಿಯ ಅರ್ಧದಷ್ಟೇ ಶ್ರಮಿಸಬೇಕೆಂದು ಎಚ್ಚರಿಸುತ್ತದೆ. ಆದರೆ ವ್ಯಾಯಾಮವನ್ನು ಬಿಡಬೇಕಾದವರ ಪಟ್ಟಿಯಲ್ಲಿ ಅಜೀರ್ಣದ ರೋಗಿ ಮತ್ತು ಮಕ್ಕಳ ಜೊತೆಗೆ ಮುದುಕರನ್ನೂ ಸೇರಿಸುತ್ತದೆ.

ಹಾಗಾದರೆ ಮುದುಕರಿಗೆ ಏನೂ ಇಲ್ಲವೇ? ಇದೆ. ಸುಶ್ರುತ ಸಂಹಿತೆಯು ವ್ಯಾಯಾಮದಿಂದ ಬೇರೆಯಾಗಿ ‘ಚಂಕ್ರಮಣ’ ಎಂಬ ಇನ್ನೊಂದನ್ನು ಹೇಳುತ್ತದೆ. ದೇಹಕ್ಕೆ ಅತಿಯಾದ ನೋವಾಗದಂತೆ ಅತ್ತಿತ್ತ ನಡೆದಾಡುವುದೇ ಚಂಕ್ರಮಣ. ಅದು ಆಯುಸ್ಸು, ಬಲ, ಬುದ್ಧಿ ಮತ್ತು ಜೀರ್ಣಶಕ್ತಿಯನ್ನು ಹೆಚ್ಚಿಸುತ್ತದೆ, ಇಂದ್ರಿಯಗಳನ್ನು ಎಚ್ಚರವಾಗಿಡುತ್ತದೆ ಎಂಬುದು ಸುಶ್ರುತನ ಮತ. ಪ್ರಮೇಹದ ಬಡರೋಗಿಗೆ ಕೊಡೆಯಿಲ್ಲದೆ, ಪಾದರಕ್ಷೆಯಿಲ್ಲದೆ, ಊರಿಗೊಂದು ರಾತ್ರಿಯಂತೆ ತಂಗುತ್ತಾ ನೂರು ಯೋಜನ ನಡೆಯಲು ವಿಧಿಸಿದವನೂ ಅವನೇ. ಬೌದ್ಧರಲ್ಲೂ ಚಂಕ್ರಮಣಕ್ಕೆ ಗೌರವದ ಸ್ಥಾನವಿದೆ. ನಡೆದಾಟದಿಂದ ಐದು ಪ್ರಯೋಜನಗಳಿವೆ ಎಂದು ಪಾಲಿ ಗ್ರಂಥವೊಂದು ಎಣಿಸುತ್ತದೆ. ಆರೋಗ್ಯ ಮತ್ತು ಜೀರ್ಣಶಕ್ತಿ ಆ ಐದರಲ್ಲಿ ಸೇರಿವೆ.

ಆದರೆ ಹಳೆಯ ಕಾಲದ ಬಹುಪಾಲು ಜನರಿಗೆ ಈ ಉಪದೇಶ ಬೇಕಾಗಿರಲಿಲ್ಲ. ಹೊಲಕ್ಕೆ, ಬಾವಿಗೆ, ಸಂತೆಗೆ, ಜಾತ್ರೆಗೆ ಕಾಲ್ನಡಿಗೆಯೇ ಗತಿಯಾಗಿತ್ತು. ಮುಪ್ಪು ಕಾಣುವಷ್ಟು ಕಾಲ ಬದುಕುವವರೂ ಕಡಿಮೆಯಿದ್ದರು. 1951ರ ಸುಮಾರಿಗೆ ಭಾರತದಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯುಸ್ಸು ಸುಮಾರು 32 ವರ್ಷ ಮಾತ್ರ. ಇಂದು ಅದು ಎಪ್ಪತ್ತರ ಆಸುಪಾಸಿಗೆ ಬಂದಿದೆ. ಇಳಿವಯಸ್ಸಿನಲ್ಲಿ ದೇಹವನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಇಷ್ಟು ದೊಡ್ಡದಾದದ್ದೇ ಈ ಬದಲಾವಣೆಯಿಂದ.

ಪಟ್ಟಣ, ಕಚೇರಿ ಮತ್ತು ಪಿಂಚಣಿ ಬಂದ ಮೇಲೆ ‘ವಾಯುವಿಹಾರ’ವೂ ಬಂತು. ಸಂಜೆ ಶಲ್ಯ ಹೊದ್ದು, ಕೈಯಲ್ಲಿ ಕೋಲು ಹಿಡಿದು, ಗೆಳೆಯರೊಡನೆ ಲೋಕಾಭಿರಾಮವಾಗಿ ಮಾತನಾಡುತ್ತಾ ಒಂದು ಸುತ್ತು ಹಾಕಿ ಬರುವುದು ಯಜಮಾನರ ಹಕ್ಕಾಗಿತ್ತು. ಯಜಮಾನಿತಿ ಒಳಗೆ ರಾತ್ರಿಯ ಅಡುಗೆಗೆ ಅಣಿಮಾಡುತ್ತಿದ್ದಳು. ಅವಳ ಪಾಲಿಗೆ ಹೊರಗಿನ ನಡಿಗೆಯೆಂದರೆ ದೇವಸ್ಥಾನದ ಪ್ರದಕ್ಷಿಣೆ, ಅಶ್ವತ್ಥಕಟ್ಟೆಯ ಸುತ್ತು. ‘ಮನೆಗೆಲಸವೇ ಹೆಂಗಸರಿಗೆ ವ್ಯಾಯಾಮ’ ಎಂಬ ಮಾತು ಇಂದಿಗೂ ಪೂರ್ತಿ ಹೋಗಿಲ್ಲ.

ಹಾಸಿಗೆಯ ಚಿಕಿತ್ಸೆ

ಆಧುನಿಕ ವೈದ್ಯಶಾಸ್ತ್ರವೂ ಬಹುಕಾಲ ವಿಶ್ರಾಂತಿಯ ಪರವಾಗಿಯೇ ಇತ್ತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸುತ್ತಿದ್ದರು. ಗಾಯಗೊಂಡ ಹೃದಯ ಸ್ವಲ್ಪ ಶ್ರಮವಾದರೂ ಒಡೆದುಹೋದೀತೆಂಬ ಭಯವೇ ಇದಕ್ಕೆ ಕಾರಣ. ಮಲಗಿದಲ್ಲೇ ಮಲಗಿದವರ ಕಾಲಿನ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣ ತೆಗೆಯುತ್ತಿದ್ದುದೂ ಉಂಟು. 1952ರಲ್ಲಿ ಅಮೆರಿಕದ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಇಂಥ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದ ತಮ್ಮ ಅನುಭವವನ್ನು ಪ್ರಕಟಿಸಿದರು. ಬರೀ ಕುರ್ಚಿಗೆ ಬದಲಾದದ್ದೇ ಆ ಕಾಲಕ್ಕೆ ಸಾಹಸವೆನಿಸಿತ್ತು.

1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾಯಿತು. ಚಿಕಿತ್ಸೆಗೆ ಸಲಹೆ ನೀಡಿದ ಪಾಲ್ ಡಡ್ಲಿ ವೈಟ್ ಸ್ವತಃ ಸೈಕಲ್ ಮತ್ತು ನಡಿಗೆಯ ಪ್ರಚಾರಕರು. ಅಧ್ಯಕ್ಷರು ಮತ್ತೆ ಕೆಲಸಕ್ಕೆ ಮರಳಿ, ಮರುವರ್ಷ ಚುನಾವಣೆಯನ್ನೂ ಗೆದ್ದರು. ಹೃದಯರೋಗಿಯ ಬಾಳು ಮುಗಿಯಿತೆಂದು ತಿಳಿದಿದ್ದ ಜನರಿಗೆ ಇದು ದೊಡ್ಡ ಪಾಠವಾಯಿತು.

ಲಂಡನ್ ಬಸ್ಸಿನ ಮೆಟ್ಟಿಲು

ನಡೆದಾಟವೇ ಹೃದಯವನ್ನು ಕಾಯುತ್ತದೆ ಎಂಬುದಕ್ಕೆ ಲೆಕ್ಕಾಚಾರದ ಆಧಾರ ಸಿಕ್ಕಿದ್ದು ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ. ಜೆರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 35ರಿಂದ 64 ವರ್ಷದೊಳಗಿನ ಸುಮಾರು 31,000 ಸಾರಿಗೆ ನೌಕರರ ಕಾಯಿಲೆಗಳ ದಾಖಲೆ ತೆಗೆದು ನೋಡಿದರು. ಡ್ರೈವರು ಮತ್ತು ಕಂಡಕ್ಟರು ಒಂದೇ ಬಗೆಯ ಮನೆಗಳಿಂದ ಬಂದವರು, ಒಂದೇ ಬಸ್ಸಿನಲ್ಲಿ ದುಡಿಯುವವರು. ಡ್ರೈವರು ಪಾಳಿಯ ಬಹುಪಾಲು ಕೂತೇ ಇರುತ್ತಾನೆ. ಕಂಡಕ್ಟರು ಟಿಕೆಟ್ ಕೊಡಲು ದಿನಕ್ಕೆ ಐದುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಾನೆ. 1953ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ, ಆದರೂ ತಡವಾಗಿ, ಸಾವು ಇನ್ನೂ ಕಡಿಮೆ. ಕಾಗದ ಹಂಚುತ್ತಾ ನಡೆಯುವ ಅಂಚೆಯವರನ್ನು ಕೂತು ಕೆಲಸ ಮಾಡುವ ಗುಮಾಸ್ತರೊಂದಿಗೆ ಹೋಲಿಸಿದಾಗಲೂ ಇದೇ ಕಂಡುಬಂತು.

ದಪ್ಪಗಿರುವವರೇ ಡ್ರೈವರ ಕೆಲಸಕ್ಕೆ ಸೇರುತ್ತಿರಬಹುದಲ್ಲವೇ ಎಂಬ ಸಂಶಯವೂ ಹುಟ್ಟಿತು. ಮಾರಿಸ್ ಅದನ್ನು ತಳ್ಳಿಹಾಕಲಿಲ್ಲ. ಕಂಪನಿ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ಅಳತೆಗಳನ್ನೇ ತರಿಸಿ ನೋಡಿ, ಡ್ರೈವರುಗಳ ಸೊಂಟದ ಸುತ್ತಳತೆ ನಿಜಕ್ಕೂ ಹೆಚ್ಚೆಂದು 1956ರಲ್ಲಿ ಅವರೇ ಪ್ರಕಟಿಸಿದರು. ಮುಂದಿನ ಅಧ್ಯಯನದಲ್ಲಿ ತೆಳ್ಳಗಿನ ಕಂಡಕ್ಟರಿಗೂ ದಪ್ಪ ಕಂಡಕ್ಟರಿಗೂ ಹಠಾತ್ ಸಾವು ಡ್ರೈವರಿಗಿಂತ ಕಡಿಮೆಯೆಂದು ಕಂಡಿತು. ತಾವೂ ವ್ಯಾಯಾಮ ರೂಢಿಸಿಕೊಂಡಿದ್ದ ಮಾರಿಸ್ 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಮೂರು ವಾರ ಮತ್ತು ಮೂವತ್ತು ವರ್ಷ

ಮುಪ್ಪಿನ ಕುಗ್ಗುವಿಕೆಯಲ್ಲಿ ವಯಸ್ಸಿನ ಪಾಲೆಷ್ಟು, ಕೂತಿರುವುದರ ಪಾಲೆಷ್ಟು? ಇದಕ್ಕೆ ಉತ್ತರ ಕೊಟ್ಟ ಪ್ರಯೋಗ ಅಮೆರಿಕದ ಡಲ್ಲಾಸಿನಲ್ಲಿ ನಡೆಯಿತು. 1966ರಲ್ಲಿ ಇಪ್ಪತ್ತು ವಯಸ್ಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ, ಅವರ ದೇಹ ಆಮ್ಲಜನಕವನ್ನು ಬಳಸುವ ಸಾಮರ್ಥ್ಯ ಎಷ್ಟು ಕುಸಿಯಿತೆಂದು ಅಳೆದರು. ಮೂವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಕರೆಸಿ ಮತ್ತೆ ಅಳೆದರು. ಮೂವತ್ತು ವರ್ಷಗಳ ವಯಸ್ಸು ಮಾಡಿದ ಹಾನಿಗಿಂತ ಮೂರು ವಾರದ ಹಾಸಿಗೆ ಮಾಡಿದ ಹಾನಿಯೇ ಹೆಚ್ಚಾಗಿತ್ತು! ಐವತ್ತು ದಾಟಿದ್ದ ಅವರಿಗೆ ಆರು ತಿಂಗಳು ನಡಿಗೆ, ನಿಧಾನ ಓಟ, ಸೈಕಲ್ಲುಗಳ ಅಭ್ಯಾಸ ಮಾಡಿಸಿದಾಗ ಮೂವತ್ತು ವರ್ಷದಲ್ಲಿ ಕಳೆದುಕೊಂಡದ್ದು ಮರಳಿ ಬಂತು.

ಐವತ್ತೇನೋ ಸರಿ, ತೊಂಬತ್ತಾದರೆ? ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವರ್ಷದ ಹತ್ತು ಮಂದಿ ದುರ್ಬಲರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದ ವರದಿ 1990ರಲ್ಲಿ ಬಂತು. ಅವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ಸ್ನಾಯುವಿಗೆ ವಯಸ್ಸಾಗುತ್ತದೆ, ಆದರೆ ಕಲಿಯುವ ಗುಣ ಹೋಗುವುದಿಲ್ಲ ಎಂಬುದು ಇದರ ತಾತ್ಪರ್ಯ.

ಇದು ಅಂಕಿಸಂಖ್ಯೆಯ ಮಾತು ಮಾತ್ರವಲ್ಲ. ಕಾಲಿನ ಬಲ ಕುಂದಿದ ಹಿರಿಯರು ಬಚ್ಚಲಿನಲ್ಲಿ ಜಾರುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ, ಮಲಗಿದವರು ಎಷ್ಟೋ ಸಲ ಮೇಲೇಳುವುದೇ ಇಲ್ಲ. ಕುರ್ಚಿಯಿಂದ ತಾನಾಗಿ ಏಳುವುದು, ತನ್ನ ಬಟ್ಟೆ ತಾನೇ ಒಗೆದುಕೊಳ್ಳುವುದು, ಪರರ ಹಂಗಿಲ್ಲದೆ ಬಾಳುವುದು ಇವೆಲ್ಲ ತೊಡೆಯ ಸ್ನಾಯುವನ್ನು ಅವಲಂಬಿಸಿವೆ.

ಲೆಕ್ಕಕ್ಕೆ ಸೇರದ ಹೆಂಗಸರು

ಈ ಚರಿತ್ರೆಯಲ್ಲಿ ಒಂದು ದೊಡ್ಡ ಲೋಪವಿದೆ. ಲಂಡನ್ನಿನ ಆ ಡ್ರೈವರು ಕಂಡಕ್ಟರುಗಳು ಗಂಡಸರು, ಡಲ್ಲಾಸಿನ ಐವರೂ ಗಂಡಸರು. ದಿನಕ್ಕೆ ಎರಡು ಮೈಲಿಗಿಂತ ಹೆಚ್ಚು ನಡೆಯುವ ನಿವೃತ್ತರಲ್ಲಿ ಹನ್ನೆರಡು ವರ್ಷಗಳ ಸಾವಿನ ಪ್ರಮಾಣ, ಒಂದು ಮೈಲಿಗಿಂತ ಕಡಿಮೆ ನಡೆಯುವವರ ಅರ್ಧದಷ್ಟೆಂದು 1998ರಲ್ಲಿ ತೋರಿಸಿದ ಹೊನೊಲುಲುವಿನ ಅಧ್ಯಯನದಲ್ಲಿಯೂ ಇದ್ದವರು ಗಂಡಸರೇ. ನಮ್ಮ ವಾಯುವಿಹಾರದಂತೆ ಅಲ್ಲಿನ ವಿಜ್ಞಾನವೂ ಯಜಮಾನಿತಿಯನ್ನು ಮನೆಯಲ್ಲೇ ಬಿಟ್ಟಿತ್ತು.

ಕೊರತೆ ತುಂಬಿದ್ದು ಅಮೆರಿಕದ ದಾದಿಯರ ಅಧ್ಯಯನ. 72,000ಕ್ಕೂ ಹೆಚ್ಚು ದಾದಿಯರ ಮಾಹಿತಿಯಿಂದ, ವಾರಕ್ಕೆ ಮೂರು ಗಂಟೆ ಬಿರುಸಾಗಿ ನಡೆಯುವ ಹೆಂಗಸರಿಗೆ ಹೃದಯಾಘಾತದ ಅಪಾಯ ಮೂರನೆಯ ಒಂದು ಭಾಗದಷ್ಟು ಕಡಿಮೆಯೆಂದು 1999ರಲ್ಲಿ ತಿಳಿಯಿತು. 2019ರಲ್ಲಿ ಸರಾಸರಿ 72 ವರ್ಷದ 16,741 ಮಹಿಳೆಯರ ಹೆಜ್ಜೆಗಳನ್ನು ಯಂತ್ರದಿಂದ ಎಣಿಸಿದ ವರದಿ ಬಂತು. ದಿನಕ್ಕೆ 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿ ಸಾವು ಶೇಕಡಾ 41ರಷ್ಟು ಕಡಿಮೆ. ಸುಮಾರು 7,500 ಹೆಜ್ಜೆ ದಾಟಿದ ಮೇಲೆ ಲಾಭ ಮತ್ತೆ ಏರಲಿಲ್ಲ.

ಹಾಗಾದರೆ ಎಲ್ಲರ ಬಾಯಲ್ಲಿರುವ ಹತ್ತು ಸಾವಿರದ ಲೆಕ್ಕ ಎಲ್ಲಿಂದ ಬಂತು? ಅದು ಬಂದದ್ದು ಜಪಾನಿನಿಂದ. 1965ರಲ್ಲಿ ಅಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರಕ್ಕೆ ‘ಹತ್ತು ಸಾವಿರ ಹೆಜ್ಜೆ ಮಾಪಕ’ ಎಂಬರ್ಥದ ಹೆಸರಿಟ್ಟಿದ್ದರು. ವ್ಯಾಪಾರದ ಹೆಸರು ಕಾಲಕ್ರಮದಲ್ಲಿ ವೈದ್ಯವಾಕ್ಯವಾಯಿತು. ಜಪಾನ್ ಇದಕ್ಕಿಂತ ಮುಖ್ಯವಾದುದನ್ನೂ ಕಲಿಸಿದೆ. 1928ರಲ್ಲಿ ಅಲ್ಲಿ ಆರಂಭವಾದ ‘ರೇಡಿಯೊ ವ್ಯಾಯಾಮ’ ಯುದ್ಧಾನಂತರ ಕೆಲವು ವರ್ಷ ನಿಂತು 1951ರಲ್ಲಿ ಮತ್ತೆ ಶುರುವಾಯಿತು. ಬೆಳಿಗ್ಗೆ ಆರೂವರೆಗೆ ಉದ್ಯಾನಗಳಲ್ಲಿ ಪಿಯಾನೋ ಸಂಗೀತಕ್ಕೆ ಕೈಕಾಲು ಆಡಿಸುವ ಹಿರಿಯರ ಗುಂಪುಗಳು ಅಲ್ಲಿ ಇಂದಿಗೂ ಉಂಟು. ಇನ್ನು ಶಿನ್ಶು ವಿಶ್ವವಿದ್ಯಾಲಯದ ಹಿರೋಶಿ ನೋಸೆ ಮತ್ತು ಸಂಗಡಿಗರು ಹಿರಿಯರಿಗೆ ಒಂದು ಸುಲಭ ಕ್ರಮ ರೂಪಿಸಿದರು: ಮೂರು ನಿಮಿಷ ಬಿರುಸು ನಡಿಗೆ, ಮೂರು ನಿಮಿಷ ನಿಧಾನ ನಡಿಗೆ. ಹೀಗೆ ಐದು ಸುತ್ತು, ವಾರಕ್ಕೆ ನಾಲ್ಕು ದಿನ. ಐದು ತಿಂಗಳು ಹೀಗೆ ನಡೆದವರ ತೊಡೆಯ ಬಲ ಹೆಚ್ಚಿತು, ರಕ್ತದೊತ್ತಡ ಇಳಿಯಿತು ಎಂದು 2007ರಲ್ಲಿ ವರದಿಯಾಯಿತು.

ಜೊತೆಯ ಗುಟ್ಟು

ನಡಿಗೆ ಒಳ್ಳೆಯದೆಂದು ತಿಳಿದವರೆಲ್ಲ ನಡೆಯುವುದಿಲ್ಲ. ಯಾರು ಬಿಡದೆ ನಡೆಯುತ್ತಾರೆ? ಇಂಗ್ಲೆಂಡಿನಲ್ಲಿ ಐವತ್ತು ದಾಟಿದ 3,722 ದಂಪತಿಗಳನ್ನು ಗಮನಿಸಿದ ಅಧ್ಯಯನವೊಂದು 2015ರಲ್ಲಿ ಈ ಪ್ರಶ್ನೆಗೆ ಬೆಳಕು ಚೆಲ್ಲಿತು. ಜೊತೆಗಾರರು ಜಡವಾಗಿಯೇ ಉಳಿದಾಗ ಸುಮಾರು ನಾಲ್ಕರಲ್ಲಿ ಒಬ್ಬರು ಮಾತ್ರ ಚಟುವಟಿಕೆ ಆರಂಭಿಸಿದರು. ಜೊತೆಗಾರರೂ ಹೊಸದಾಗಿ ಆರಂಭಿಸಿದಾಗ ಮೂರರಲ್ಲಿ ಇಬ್ಬರು ಆರಂಭಿಸಿದರು. ಗಂಡ ಹೆಂಡತಿ ಇಬ್ಬರ ವಿಷಯದಲ್ಲೂ ಇದು ಹೆಚ್ಚುಕಡಿಮೆ ಒಂದೇ. ಮಳೆ ಮೋಡದ ದಿನ ‘ಇವತ್ತು ಬೇಡ’ ಎನ್ನುವವರನ್ನು ಎಬ್ಬಿಸಲು ಬಾಗಿಲಲ್ಲಿ ಇನ್ನೊಬ್ಬರು ಚಪ್ಪಲಿ ಮೆಟ್ಟಿ ನಿಂತಿರುವುದೇ ಸಾಕು.

ಇದರಲ್ಲಿ ಒಂದು ತೊಡಕೂ ಉಂಟು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 72 ಜೋಡಿಗಳ ನಡಿಗೆಯನ್ನು ಅಳೆದು, ಜೊತೆಯಾಗಿ ನಡೆಯುವಾಗ ವೇಗ ತಗ್ಗುತ್ತದೆ, ಕೈಹಿಡಿದು ನಡೆದರೆ ಇನ್ನೂ ತಗ್ಗುತ್ತದೆ ಎಂದು 2021ರಲ್ಲಿ ಪ್ರಕಟಿಸಿದರು. ಉಪಾಯ ಕಷ್ಟವಲ್ಲ. ಮನೆಯಿಂದ ಒಟ್ಟಿಗೆ ಹೊರಟು, ಉದ್ಯಾನದಲ್ಲಿ ಸ್ವಲ್ಪ ಹೊತ್ತು ತಮ್ಮ ತಮ್ಮ ವೇಗದಲ್ಲಿ ನಡೆದು, ಕೊನೆಯ ಸುತ್ತನ್ನು ಮತ್ತೆ ಜೊತೆಯಲ್ಲಿ ಹಾಕಬಹುದು. ಮಾತನಾಡಲು ಆಗಬೇಕು, ಹಾಡಲು ಆಗಬಾರದು ಎಂಬುದು ಬಿರುಸು ನಡಿಗೆಯ ಸರಳ ಅಳತೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ ವಾರಕ್ಕೆ 150ರಿಂದ 300 ನಿಮಿಷ ಹೀಗೆ ನಡೆಯಬೇಕು. 65 ದಾಟಿದವರು ವಾರಕ್ಕೆ ಮೂರು ದಿನ ಬಲ ಮತ್ತು ಸಮತೋಲನದ ಅಭ್ಯಾಸವನ್ನೂ ಸೇರಿಸಬೇಕು. ಎದೆನೋವು, ತಲೆಸುತ್ತು ಇದ್ದವರು ಮೊದಲು ವೈದ್ಯರನ್ನು ಕಾಣುವುದು ಲೇಸು.

ಕೊನೆಯದಾಗಿ, ನಡೆಯಲು ಮನಸ್ಸಿದ್ದರೆ ಸಾಲದು, ಜಾಗವೂ ಬೇಕು. ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಆರಂಭಿಸಿದಾಗಲೂ, 1870ರಲ್ಲಿ ಕಬ್ಬನ್ ಪಾರ್ಕ್ ರೂಪುಗೊಂಡಾಗಲೂ ನಿವೃತ್ತ ದಂಪತಿಗಳ ಆರೋಗ್ಯ ಯಾರ ಯೋಚನೆಯಲ್ಲೂ ಇದ್ದಿರಲಾರದು. ಅಂಥ ಉದ್ಯಾನಗಳನ್ನು ಉಳಿಸಿಕೊಳ್ಳಲು ಕರ್ನಾಟಕ 1975ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಆದರೆ ಉದ್ಯಾನದ ಬಾಗಿಲವರೆಗೆ ಹೋಗುವ ಕಾಲುದಾರಿಗೆ ಅಂಥ ರಕ್ಷಣೆ ಸಿಕ್ಕಿಲ್ಲ. ಎದ್ದ ಚಪ್ಪಡಿ, ತೆರೆದ ಮೋರಿ, ಅಡ್ಡ ನಿಂತ ಸ್ಕೂಟರುಗಳನ್ನು ದಾಟಲಾರದೆ ಮನೆಯಲ್ಲೇ ಉಳಿಯುವ ಹಿರಿಯರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಕೂತಿರಿ ಎಂದು ಈಗ ವೈದ್ಯರು ಹೇಳುವುದಿಲ್ಲ, ಮಕ್ಕಳೂ ಹೇಳುವುದಿಲ್ಲ. ಬೀದಿಯೂ ಹಾಗೆ ಹೇಳದಿದ್ದರೆ ಏಳು ಹೆಜ್ಜೆಯಿಂದ ಶುರುವಾದ ದಾಂಪತ್ಯ ಎಪ್ಪತ್ತರಲ್ಲೂ ಹೆಜ್ಜೆ ಹಾಕುತ್ತಲೇ ಇರಬಲ್ಲದು.