ಮೈಸೂರಿನ ಜಾವಾ, ಯೆಜ್ಡಿ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೋಟಾರ್ ಸೈಕಲ್ ತಯಾರಿಸಿತು. ಕರ್ನಾಟಕದಲ್ಲಿ ಹಳೆಯ ವಾಹನಗಳ ಹವ್ಯಾಸ ಎರಡು ಕಡೆಯಿಂದ ಬೆಳೆದಿದೆ. ಅರಮನೆ ಮತ್ತು ಸಿರಿವಂತರ ಮನೆಗಳಲ್ಲಿ ಉಳಿದ ಅಮೆರಿಕ, ಇಂಗ್ಲೆಂಡಿನ ಕಾರುಗಳದ್ದು ಒಂದು ಬಗೆ, ಡಿ. ವೀರೇಂದ್ರ ಹೆಗ್ಗಡೆಯವರು ಧರ್ಮಸ್ಥಳದಲ್ಲಿ ಕೂಡಿಸಿದ ಕಾರುಗಳು ಅದಕ್ಕೆ ಸೇರುತ್ತವೆ. ಇನ್ನೊಂದು, ನೌಕರರೂ ಮೆಕ್ಯಾನಿಕ್‌ಗಳೂ ತಮ್ಮ ಕೈಯಾರೆ ಉಳಿಸಿಕೊಂಡದ್ದು. ಈ ಎರಡನೆಯ ಬಗೆಯ ನಡುವೆ ನಿಂತಿರುವುದು ಮೈಸೂರಿನ ಈ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿ.

ಜಾವಾ ಮೂಲತಃ ಜೆಕೊಸ್ಲೊವಾಕಿಯಾದ ಗಾಡಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವ್ಯವಹಾರ ಕೊಂಡು ಪ್ರಾಗ್‌ನಲ್ಲಿ ಇದರ ತಯಾರಿಕೆಗೆ ಕೈಹಾಕಿದ. 1950ರ ದಶಕದಲ್ಲಿ ರುಸ್ತುಂ ಇರಾನಿ ಮುಂಬಯಿಯಲ್ಲಿ ಜಾವಾ ತರಿಸಿ ಮಾರುತ್ತಿದ್ದರು. ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ ಇಲ್ಲೇ ತಯಾರಿಸುವುದೊಂದೇ ದಾರಿಯಾಯಿತು. ಫಾರೂಖ್ ಇರಾನಿಯವರ ಜೊತೆಗೂಡಿ ಅವರು ಮೈಸೂರನ್ನು ಆರಿಸಿಕೊಂಡರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದರು.

ಮೊದಲ ಗಾಡಿಯ ಎಂಜಿನ್ 250 ಸಿಸಿಯ ಟೂ ಸ್ಟ್ರೋಕ್. ಸಿಲಿಂಡರ್ ಒಂದೇ, ಆದರೆ ಸೈಲೆನ್ಸರ್ ಎರಡು, ಎಡಕ್ಕೊಂದು ಬಲಕ್ಕೊಂದು. ಎಡಗಾಲಿನ ಬಳಿಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದು ಕಿಕ್ಕರ್ ಆಗುತ್ತಿತ್ತು. ಗಾಡಿ ಶುರುವಾದ ಮೇಲೆ ಅದೇ ಲಿವರಿನಲ್ಲಿ ಗೇರ್ ಬದಲಿಸಬೇಕು. ಇದನ್ನು ಕಲಿಯದ ಹೊಸಬರು ಕಾಲು ಹುಡುಕಾಡುತ್ತ ನಿಲ್ಲುವುದು ಸಾಮಾನ್ಯವಾಗಿತ್ತು. ಕೀಲಿ ಎಂದರೆ ಒತ್ತಿ ಕೂರಿಸುವ ಸಣ್ಣದೊಂದು ಕಡ್ಡಿ. ಪೆಟ್ರೋಲಿನ ಜೊತೆ 2ಟಿ ಎಣ್ಣೆಯನ್ನು ಸವಾರನೇ ಅಳತೆ ನೋಡಿ ಬೆರೆಸಬೇಕಿತ್ತು; ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು, ಹೆಚ್ಚಾದರೆ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತಿತ್ತು. ಮಸಿ ಕಟ್ಟಿದಾಗ ಮೆಕ್ಯಾನಿಕ್ ಸೈಲೆನ್ಸರಿನ ಒಳಗೊಳವೆ ಬಿಚ್ಚಿ, ಬೆಂಕಿಯಲ್ಲಿ ಸುಟ್ಟು, ಬಡಿದು ಕೊಡವಿ ಮತ್ತೆ ಕೂರಿಸುತ್ತಿದ್ದ. ಇಂಥ ರಿಪೇರಿ ರಸ್ತೆ ಬದಿಯಲ್ಲೇ ಮುಗಿಯುತ್ತಿತ್ತು. ಈ ಗಾಡಿಗಳು ಇಷ್ಟು ಕಾಲ ಬಾಳಿದ್ದಕ್ಕೆ ಮುಖ್ಯ ಕಾರಣ ಈ ಸರಳತೆಯೇ.

1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ವರ್ಷ ಜಾವಾ ಕೂಡ ಹೆಸರು ಬದಲಿಸಿ ಯೆಜ್ಡಿಯಾಯಿತು. ಜೆಕ್ ಪರವಾನಗಿಯ ಅವಧಿ ಮುಗಿದಿತ್ತು, ಯಂತ್ರ ಮಾತ್ರ ಬಹುತೇಕ ಹಳೆಯದೇ. ಜಪಾನಿನಲ್ಲೂ ಹೀಗೆ ನಡೆದದ್ದುಂಟು: ಅಮೆರಿಕದ ಹಾರ್ಲೆ ಡೇವಿಡ್‌ಸನ್ ಗಾಡಿಯನ್ನು ಪರವಾನಗಿ ಪಡೆದು ತಯಾರಿಸಿದ ಟೋಕಿಯೊದ ಕಂಪನಿಯೊಂದು 1930ರ ದಶಕದಲ್ಲಿ ಅದಕ್ಕೆ ರಿಕುವೊ ಎಂಬ ಜಪಾನೀ ಹೆಸರಿಟ್ಟು 1950ರ ದಶಕದವರೆಗೂ ಮಾರಿತು. ಪರದೇಶದ ಯಂತ್ರ ಹೊಸ ಹೆಸರಿನಲ್ಲಿ ಊರಿನದೇ ಆಗಿಬಿಟ್ಟ ಈ ಎರಡು ಕಥೆಗಳಲ್ಲಿ ಮೈಸೂರಿನದು ಕಡಿಮೆಯದೇನಲ್ಲ.

ಯೆಜ್ಡಿ ಹೆಸರಿನಲ್ಲಿ ಹಲವು ಮಾದರಿಗಳು ಬಂದವು. ಎಣ್ಣೆ ಬೆರೆಸುವ ಕೆಲಸವನ್ನು ಪಂಪಿಗೆ ಬಿಟ್ಟುಕೊಟ್ಟ ಆಯಿಲ್‌ಕಿಂಗ್ ಹೆಚ್ಚು ಕಾಲ ನಿಲ್ಲಲಿಲ್ಲ. 1978ರಲ್ಲಿ ಬಂದ ರೋಡ್‌ಕಿಂಗ್ ಮಾತ್ರ ಕಾರ್ಖಾನೆ ಮುಚ್ಚುವವರೆಗೂ ನಡೆಯಿತು.

ಹೊಡೆತ ಬಿದ್ದದ್ದು 1980ರ ದಶಕದ ನಡುವಿನಲ್ಲಿ. ಜಪಾನೀ ಸಹಯೋಗದ 100 ಸಿಸಿ ಗಾಡಿಗಳು ಒಂದರ ಹಿಂದೊಂದು ಮಾರುಕಟ್ಟೆಗಿಳಿದವು. 1985ರಲ್ಲಿ ಬಂದ ಹೀರೊ ಹೋಂಡಾ ಫೋರ್ ಸ್ಟ್ರೋಕ್ ಎಂಜಿನ್ನಿನಿಂದ ಪೆಟ್ರೋಲ್ ಉಳಿಸಿತು. ಅದಕ್ಕೆ ಎಣ್ಣೆ ಬೆರೆಸುವ ಗೋಜೂ ಇರಲಿಲ್ಲ. ಮೈಲೇಜಿನ ಲೆಕ್ಕದಲ್ಲಿ ಯೆಜ್ಡಿ ಹಿಂದೆ ಬಿತ್ತು. ಹೊಗೆಯ ನಿಯಮಗಳು ಬಿಗಿಯಾದವು, ಕಾರ್ಮಿಕರ ತಕರಾರು ಮತ್ತು ನಷ್ಟ ಸೇರಿಕೊಂಡು 1996ರಲ್ಲಿ ತಯಾರಿಕೆ ನಿಂತಿತು. ನೂರಾರು ಮನೆಗಳ ಅನ್ನ ಹೋಯಿತು. ಈ ಗಾಡಿಯ ವೈಭವದ ನೆನಪಿನಲ್ಲಿ ಈ ಮಾತು ಮರೆಯಾಗಬಾರದು.

ಮಾರಾಟ ನಿಂತ ಮೇಲೆ ಒಲವು ಹೆಚ್ಚಿತು. ಬೆಂಗಳೂರಿನ ಜಾವಾ ಯೆಜ್ಡಿ ಕ್ಲಬ್ 2007ರಲ್ಲಿ ಹುಟ್ಟಿತು. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಆ ಬೆಳಿಗ್ಗೆ ಬೆಂಗಳೂರು, ಮೈಸೂರಿನಲ್ಲಿ ಸವಾರರು ಸಾಲಾಗಿ ಹೊರಡುತ್ತಾರೆ. ಗಾಡಿ ಅಸಲಿಯೋ ಅಲ್ಲವೋ ಎಂಬುದನ್ನು ಎಂಜಿನ್ ನಂಬರ್, ಚಾಸಿ ನಂಬರ್ ತಾಳೆ ನೋಡಿ ತೀರ್ಮಾನಿಸುತ್ತಾರೆ. ‘ಎಂವೈ’ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್ ಪ್ಲೇಟಿಗೆ ವಿಶೇಷ ಬೆಲೆ. ಬ್ಲಾಕ್ ಬೋರ್ ಹೊಡೆಸಿ ದೊಡ್ಡ ಅಳತೆಯ ಪಿಸ್ಟನ್ ಕೂರಿಸುವುದು, ಕ್ರ್ಯಾಂಕ್ ಬೇರಿಂಗ್ ಬದಲಿಸುವುದು ಎಂಜಿನ್ ಕೆಲಸವಾದರೆ, ಟ್ಯಾಂಕಿಗೆ ಕ್ರೋಮಿಯಂ ಹಾಕಿಸಿ ಮೆರೂನ್ ಬಣ್ಣದ ಮೇಲೆ ಕೈಯಿಂದ ಗೆರೆ ಎಳೆಯುವುದು ಇನ್ನೊಂದು ಕಸುಬು. ನಡುಗದ ಕೈಯ ಹಳೆಯ ಪೇಂಟರ್ ಸಿಕ್ಕರೆ ಅದು ಗಾಡಿಯ ಮಾಲೀಕರ ಅದೃಷ್ಟ.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ನಿಯಮ ತಂದಿತು. ಮೂಲ ರೂಪದಲ್ಲೇ ಉಳಿದ 1960ರ ದಶಕದ ಜಾವಾಗಳು ಇದರಡಿ ಬರಬಲ್ಲವು. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿಗಳಿಗೆ ಒಯ್ಯಬಹುದು, ದಿನಬಳಕೆಗೆ ಓಡಿಸುವಂತಿಲ್ಲ.

ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಇವುಗಳ ತಯಾರಿಕೆ ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ ಫೋರ್ ಸ್ಟ್ರೋಕ್. ಹಳೆಯ ಎಂಜಿನ್‌ಗಳಿಗೆ ಇವುಗಳ ಬಿಡಿಭಾಗ ಹೊಂದುವುದಿಲ್ಲ. ಹಾಗಾಗಿ ಮೈಸೂರಿನ ಗಾಡಿ ಇಟ್ಟುಕೊಂಡವರು ಸ್ಪೇರ್ ಹುಡುಕಿಕೊಂಡು ಈಗಲೂ ಗುಜರಿ ಅಂಗಡಿಗಳಿಗೇ ಹೋಗುತ್ತಾರೆ.